ದಲಾತ್ ಬೆಟ್ಟದ ರೈಲು ಮತ್ತೆ ಘಟ್ಟ ಇಳಿದೀತೇ?

ಪ್ರಶ್ನೆ: ವಿಯೆಟ್ನಾಂ ಪ್ರವಾಸದಲ್ಲಿ ದಲಾತ್ ಎಂಬ ಗಿರಿಧಾಮಕ್ಕೆ ಹೋಗಿದ್ದೆವು. ಅಲ್ಲೊಂದು ಹಳೆಯ ಕಾಲದ ಚೆಂದದ ರೈಲು ನಿಲ್ದಾಣವಿದೆ. ಅಲ್ಲಿಂದ ಏಳು ಕಿಲೋಮೀಟರ್ ದೂರದ ಟ್ರಾಯ್ ಮಾತ್‌ವರೆಗೆ ಮಾತ್ರ ಪ್ರವಾಸಿ ರೈಲು ಓಡುತ್ತದೆ. ಹಿಂದೆ ಇದೇ ಮಾರ್ಗ ಬೆಟ್ಟ ಇಳಿದು ಕರಾವಳಿಯ ಹತ್ತಿರದವರೆಗೆ 84 ಕಿ.ಮೀ. ಇತ್ತಂತೆ. ಅದನ್ನು ಮತ್ತೆ ತೆರೆಯುತ್ತಾರೆ ಎಂದು ಗೈಡ್ ಹೇಳಿದರು. ಹೋಟೆಲಿನವರು ಅದೆಲ್ಲ ಆಗದ ಮಾತು ಎಂದರು. ಯಾರ ಮಾತು ನಂಬಬೇಕು? ಊಟಿ ರೈಲು ಇವತ್ತಿಗೂ ಓಡುತ್ತಿರುವಾಗ ಇದೊಂದು ಯಾಕೆ ನಿಂತಿತು? ಮುಂದಿನ ಸಲ ಹೋದರೆ ಹಳೆಯ ಜಾಡಿನಲ್ಲಿ ನಡೆದು ನೋಡಬಹುದೇ?

ಉತ್ತರ: ಇಬ್ಬರ ಮಾತಿನಲ್ಲೂ ನಿಜವಿದೆ. ಗೈಡ್ ಹೇಳಿದ ಯೋಜನೆ ಕಟ್ಟುಕತೆಯಲ್ಲ. ವಿಯೆಟ್ನಾಂ ಸರ್ಕಾರ 2021ರ ಅಕ್ಟೋಬರ್‌ನಲ್ಲಿ ಒಪ್ಪಿಗೆ ಕೊಟ್ಟ ರಾಷ್ಟ್ರೀಯ ರೈಲು ಜಾಲದ ಯೋಜನೆಯಲ್ಲಿ ಥಾಪ್ ಚಾಮ್–ದಲಾತ್ ಮಾರ್ಗದ ಹೆಸರಿದೆ. ಹೋಟೆಲಿನವರ ಅನುಮಾನಕ್ಕೂ ಆಧಾರವಿದೆ. ಯೋಜನೆಯ ಪಟ್ಟಿಯಲ್ಲಿ ಹೆಸರು ಬರುವುದಕ್ಕೂ ಬೆಟ್ಟದ ಮೇಲೆ ಮೊದಲ ಲೋಡು ಜಲ್ಲಿ ಬೀಳುವುದಕ್ಕೂ ನಡುವೆ ಬಹಳ ದೂರ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಮತ್ತೆ ತೆರೆಯಲು ಹಳೆಯ ಮಾರ್ಗ ಎಂಬುದೇ ಉಳಿದಿಲ್ಲ. ಹಳೆಯ ಜಾಡಿನ ಮೇಲೆ ಹೊಸ ರೈಲು ಮಾರ್ಗವನ್ನೇ ಕಟ್ಟಬೇಕು. ಅದು ಆಗದ ಕೆಲಸವೇನಲ್ಲ. ಹಳಿಯನ್ನೂ ಎಂಜಿನ್ನನ್ನೂ ದುಡ್ಡು ಕೊಟ್ಟರೆ ಮಾಡಿಸಬಹುದು. ಎಷ್ಟು ದುಡ್ಡು ಕೊಟ್ಟರೂ ಆಮೇಲೆ ಸುಲಭಕ್ಕೆ ಸಿಗದ ಸಂಗತಿಗಳು ಎರಡು: ಒಂದು, ತುಂಡಾಗದೆ ಉಳಿದ ಜಾಡಿನ ನೆಲ; ಇನ್ನೊಂದು, ಬೆಟ್ಟದ ಬುಡದಲ್ಲಿ ಈ ರೈಲಿಗಾಗಿ ಬಂದು ಇಳಿಯುವ ಜನ. ದಲಾತ್ ರೈಲಿನ ಹಣೆಬರಹವನ್ನು ಈ ಎರಡೇ ಬರೆಯುತ್ತವೆ ಎಂಬುದು ನನ್ನ ನಂಬಿಕೆ.

ಮೊದಲು, ಏನಿತ್ತು ಮತ್ತು ಏನಾಯಿತು ಎಂಬುದನ್ನು ನೋಡೋಣ.

ವೈದ್ಯ ವಿಜ್ಞಾನಿ ಅಲೆಕ್ಸಾಂಡರ್ ಯೆರ್ಸಿನ್ 1893ರಲ್ಲಿ ಲಾಂಗ್ ಬಿಯಾಂಗ್ ಪ್ರಸ್ಥಭೂಮಿಗೆ ಹತ್ತಿ ಬಂದರು. ಸುಮಾರು 1,500 ಮೀಟರ್ ಎತ್ತರದ ಆ ತಂಪು ಜಾಗದಲ್ಲಿ ಗಿರಿಧಾಮ ಮಾಡಬಹುದೆಂದು ಗವರ್ನರ್ ಜನರಲ್ ಪಾಲ್ ದುಮೇರ್‌ಗೆ ಹೇಳಿದವರೂ ಅವರೇ. ಊರು ಬೆಳೆಯಬೇಕಾದರೆ ದಾರಿ ಬೇಕು. ಕರಾವಳಿಯ ಫಾನ್ ರಾಂಗ್ ಪಕ್ಕದ ಥಾಪ್ ಚಾಮ್‌ನಿಂದ 1908ರಲ್ಲಿ ಮೀಟರ್ ಗೇಜ್ ಮಾರ್ಗದ ಕೆಲಸ ಶುರುವಾಯಿತು. ಸೊಂಗ್ ಫಾ ಎಂಬ ಘಟ್ಟದ ಬುಡದ ಊರಿನವರೆಗಿನ 41 ಕಿ.ಮೀ. ಬಹುಪಾಲು ಬಯಲು, ಅಲ್ಲಿ ಹೆಚ್ಚಿನ ತೊಡಕಿರಲಿಲ್ಲ. ಅಲ್ಲಿಂದ ಮೇಲಿನ 43 ಕಿ.ಮೀ.ಯೇ ಅಸಲಿ ಕೆಲಸ. ರೈಲು ದಲಾತ್ ಮುಟ್ಟುವಾಗ 1932 ಆಗಿತ್ತು. ನೀವು ನೋಡಿದ ನಿಲ್ದಾಣದ ಕಟ್ಟಡ ಪೂರ್ತಿಯಾದದ್ದು 1938ರಲ್ಲಿ. ಅದರ ಮೂರು ಚೂಪು ಮಾಡುಗಳು ಲಾಂಗ್ ಬಿಯಾಂಗ್ ಶಿಖರಗಳನ್ನು ಹೋಲುವಂತೆ ಕಟ್ಟಿದವು ಎನ್ನುತ್ತಾರೆ.

ಇಷ್ಟು ಶ್ರಮಪಟ್ಟು ಕಟ್ಟಿದ ಮಾರ್ಗ ಪೂರ್ತಿ ಉದ್ದಕ್ಕೆ ಓಡಿದ್ದು ನಾಲ್ಕು ದಶಕಕ್ಕೂ ಕಡಿಮೆ. ಯುದ್ಧ ಜೋರಾದಂತೆ ಹಳಿಗೆ ಸ್ಫೋಟಕ ಇಡುವುದು, ರೈಲಿನ ಮೇಲೆ ದಾಳಿ ಮಾಡುವುದು ಹೆಚ್ಚಿ 1960ರ ದಶಕದ ಕೊನೆಗೆ ಸಂಚಾರ ನಿಂತಿತು. ಮಾರ್ಗಕ್ಕೆ ಕೊನೆಯ ಪೆಟ್ಟು ಬಿದ್ದದ್ದು ಮಾತ್ರ ಶಾಂತಿ ಬಂದ ಮೇಲೆ. 1975ರಲ್ಲಿ ಯುದ್ಧ ಮುಗಿದಾಗ ಉತ್ತರ–ದಕ್ಷಿಣದ ಮುಖ್ಯ ರೈಲು ಮಾರ್ಗ ಬಾಂಬಿಗೆ ಸಿಕ್ಕಿ ಎಲ್ಲೆಂದರಲ್ಲಿ ಕಡಿದುಹೋಗಿತ್ತು. ಅದನ್ನು ಜೋಡಿಸಲು ಹಳಿ, ಸ್ಲೀಪರ್ ಬೇಕಿತ್ತು. ದಲಾತ್ ಮಾರ್ಗದಲ್ಲಿ ಅವು ಸುಮ್ಮನೆ ಬಿದ್ದಿದ್ದವು. ಕಿತ್ತುಕೊಂಡು ಹೋಗಿ ಅಲ್ಲಿಗೆ ಹಾಕಿದರು. 1976ರ ಡಿಸೆಂಬರ್ 31ರಂದು ಹನೋಯ್ ಮತ್ತು ಹೋ ಚಿ ಮಿನ್ ನಗರದ ನಡುವೆ ಮತ್ತೆ ರೈಲು ಹೊರಟಿತು. ಈ ನಿರ್ಧಾರವನ್ನು ನಾನಂತೂ ತಪ್ಪೆನ್ನಲಾರೆ. ಎರಡು ತುಂಡಾಗಿದ್ದ ದೇಶಕ್ಕೆ ಆಗ ಮುಖ್ಯ ಮಾರ್ಗಕ್ಕಿಂತ ದೊಡ್ಡ ಅಗತ್ಯ ಯಾವುದಿತ್ತು? ಬೆಟ್ಟದ ಮೇಲಿನ ಮಾರ್ಗ ತನ್ನ ಮೈಯನ್ನೇ ಕೊಟ್ಟು ಬಯಲಿನ ಮಾರ್ಗವನ್ನು ಉಳಿಸಿತು. ಈ ಮಾತನ್ನು ದಲಾತ್ ನಿಲ್ದಾಣದ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಹಾಕಿದರೆ ಚೆನ್ನ.

ಎಂಜಿನ್‌ಗಳ ಕತೆ ಇನ್ನೂ ವಿಚಿತ್ರ. ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್ ಕಾರ್ಖಾನೆಯಲ್ಲಿ ತಯಾರಾದ ಹಲ್ಲುಗಾಲಿಯ ಉಗಿ ಎಂಜಿನ್‌ಗಳು ಈ ಘಟ್ಟ ಹತ್ತುತ್ತಿದ್ದವು. ಆಲ್ಪ್ಸ್‌ನ ಫುರ್ಕಾ ಮಾರ್ಗ 1940ರ ದಶಕದ ಆರಂಭದಲ್ಲಿ ವಿದ್ಯುತ್ತಿಗೆ ಬದಲಾದಾಗ ಅಲ್ಲಿ ಮಿಕ್ಕಿದ ನಾಲ್ಕು ಉಗಿ ಎಂಜಿನ್‌ಗಳು 1947ರಲ್ಲಿ ಇಲ್ಲಿಗೇ ಮಾರಾಟವಾಗಿ ಬಂದವು. ರೈಲು ನಿಂತ ಮೇಲೆ ಎಲ್ಲವೂ ತುಕ್ಕು ಹಿಡಿದು ಬಿದ್ದಿದ್ದವು. ಅತ್ತ ಫುರ್ಕಾದಲ್ಲೂ ಒಂದು ಮಾರ್ಗ ನಿಂತಿತ್ತು. ಬೆಟ್ಟದ ಕೆಳಗೆ 15.4 ಕಿ.ಮೀ. ಉದ್ದದ ಹೊಸ ಸುರಂಗ 1982ರಲ್ಲಿ ತೆರೆಯುವುದಿತ್ತು, ಹಾಗಾಗಿ ಮೇಲಿನ ಮಾರ್ಗದ ಕೊನೆಯ ರೈಲು 1981ರಲ್ಲೇ ಓಡಿತು. ಅದನ್ನು ಉಳಿಸಬೇಕೆಂದು ಹೊರಟ ಹವ್ಯಾಸಿಗಳು ವಿಯೆಟ್ನಾಂಗೆ ಬಂದು, ತುಕ್ಕು ಹಿಡಿದ ಎಂಜಿನ್‌ಗಳನ್ನು ಕೊಂಡು, ಟ್ರೇಲರ್ ಮೇಲೆ ಘಟ್ಟ ಇಳಿಸಿ, ಹಡಗು ಹತ್ತಿಸಿ 1990ರಲ್ಲಿ ಊರಿಗೆ ಒಯ್ದರು. 1992ರಲ್ಲಿ ಮೊದಲ ತುಂಡು ದಾರಿ ತೆರೆಯಿತು, 2000ದಲ್ಲಿ ಗ್ಲೆಚ್‌ವರೆಗೆ, 2010ರಲ್ಲಿ ಓಬರ್‌ವಾಲ್ಡ್‌ವರೆಗೆ. ಸುಮಾರು 18 ಕಿ.ಮೀ. ಮಾರ್ಗ ಪೂರ್ತಿ ಮಾಡಲು ಅವರಿಗೆ ಹಿಡಿದದ್ದು ಹತ್ತಿರ ಹತ್ತಿರ ಮೂರು ದಶಕ, ಅದೂ ಹಳಿ ಜಾಗದಲ್ಲೇ ಇದ್ದಾಗ. ದಲಾತ್ ಘಟ್ಟ ಹತ್ತುತ್ತಿದ್ದ ಎಂಜಿನ್ ಈಗ ಆಲ್ಪ್ಸ್‌ನಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಪ್ರವಾಸಿಗರನ್ನು ಹೊತ್ತು ಓಡುತ್ತಿದೆ.

ಫುರ್ಕಾದ ಒಂದು ಸೇತುವೆಯ ಬಗ್ಗೆ ಇಲ್ಲೇ ಹೇಳಬೇಕು. ಬೆಟ್ಟದ ರೈಲನ್ನು ಉಳಿಸಿಕೊಳ್ಳುವುದೆಂದರೆ ಏನೆಂದು ಅದು ತೋರಿಸುತ್ತದೆ. ಸ್ಟೆಫನ್‌ಬಾಖ್ ಎಂಬ ಕೊರಕಲಿಗೆ ಪ್ರತಿ ಚಳಿಗಾಲ ಹಿಮಪಾತ ಜಾರಿ ಬರುತ್ತದೆ. ಮೊದಲು ಕಟ್ಟಿದ ಸೇತುವೆಯನ್ನು ಅದು ಕೊಚ್ಚಿಕೊಂಡು ಹೋಯಿತು. 1925ರಲ್ಲಿ ಮಡಚುವ ಸೇತುವೆ ಮಾಡಿದರು. ಇಂದಿಗೂ ಶರತ್ಕಾಲ ಮುಗಿಯುವಾಗ ಕೆಲಸಗಾರರು ಹೋಗಿ ಸೇತುವೆಯ ತುಂಡುಗಳನ್ನು ಬಿಚ್ಚಿ ಎರಡೂ ದಡಕ್ಕೆ ಎಳೆದಿಡುತ್ತಾರೆ, ಹಿಮ ಕರಗಿದ ಮೇಲೆ ಮತ್ತೆ ಜೋಡಿಸುತ್ತಾರೆ. ಒಂದು ವರ್ಷ ಬಿಟ್ಟರೂ ಸೇತುವೆ ಹೋಯಿತು. ದಲಾತ್‌ನಲ್ಲಿ ಹಿಮವಿಲ್ಲ, ಮಳೆಯಿದೆ. ಆದರೆ ಪ್ರತಿ ವರ್ಷ ಕೈಯಿಂದ ಮಾಡಬೇಕಾದ, ಯಾರ ಕಣ್ಣಿಗೂ ಬೀಳದ ಇಂಥ ಕೆಲಸ ಅಲ್ಲೂ ಅಷ್ಟೇ ಇರುತ್ತದೆ.

ಈಗ ನಿಮ್ಮ ಏಳು ಕಿಲೋಮೀಟರಿಗೆ ಬರೋಣ. ಪ್ರವಾಸಿ ರೈಲು ಟ್ರಾಯ್ ಮಾತ್‌ನಲ್ಲೇ ಯಾಕೆ ನಿಲ್ಲುತ್ತದೆ? ಲಿನ್ ಫುಕ್ ದೇವಾಲಯ ಹತ್ತಿರವಿದೆ, ಜನ ನೋಡಿಕೊಂಡು ವಾಪಸು ಬರುತ್ತಾರೆ ಎಂಬುದು ಒಂದು ಅನುಕೂಲ. ಎಂಜಿನಿಯರ್ ಕಣ್ಣಿಗೆ ಇನ್ನೊಂದು ಕಾರಣ ಕಾಣುತ್ತದೆ. ಟ್ರಾಯ್ ಮಾತ್ ದಾಟಿದ ಕೂಡಲೇ ಮಾರ್ಗ ದ ಥೊ ನಿಲ್ದಾಣದ ಕಡೆಗೆ ಕಡಿದಾಗಿ ಇಳಿಯುತ್ತದೆ. ಅಲ್ಲಿ ಸಾಮಾನ್ಯ ಡೀಸೆಲ್ ಎಂಜಿನ್ ನಡೆಯುವುದಿಲ್ಲ, ಹಲ್ಲಿನ ಹಳಿ ಬೇಕು. ಇಡೀ ಮಾರ್ಗದಲ್ಲಿ ಇಂಥ ಭಾಗಗಳು ಮೂರು. ಸೊಂಗ್ ಫಾದಿಂದ ಎಯೊ ಜೊವರೆಗಿನದ್ದು ದೊಡ್ಡದು, ಸುಮಾರು ಹತ್ತು ಕಿ.ಮೀ.ಯಲ್ಲಿ ಎಂಟುನೂರು ಮೀಟರ್ ಏರಬೇಕು. ಮುಂದೆ ದ್ರಾನ್‌ನಿಂದ ತ್ರಾಮ್ ಹಾನ್‌ವರೆಗೆ ಮತ್ತೊಂದು ಏರು. ಮೂರನೆಯದು ಈ ದ ಥೊ–ಟ್ರಾಯ್ ಮಾತ್. ಒಟ್ಟು ಸುಮಾರು 16 ಕಿ.ಮೀ. ಅತಿ ಕಡಿದಾದ ಕಡೆ ನೂರು ಮೀಟರ್ ಮುಂದೆ ಹೋದರೆ ಹನ್ನೆರಡು ಮೀಟರ್ ಏರು. ನುಣುಪಾದ ಉಕ್ಕಿನ ಮೇಲೆ ನುಣುಪಾದ ಉಕ್ಕಿನ ಗಾಲಿ ಭಾರದ ಬೋಗಿಗಳನ್ನು ಎಳೆಯುವಾಗ ಇದಕ್ಕಿಂತ ಬಹಳ ಕಡಿಮೆ ಏರಿಗೇ ಜಾರಲು ಶುರುಮಾಡಬಹುದು.

ಹಲ್ಲಿನ ಹಳಿ ಎಂದರೆ ಏನೆಂದು ಸ್ವಲ್ಪ ಹತ್ತಿರದಿಂದ ನೋಡಿ. ಎರಡು ಹಳಿಗಳ ನಟ್ಟನಡುವೆ, ಸ್ಲೀಪರ್‌ಗಳ ಮೇಲೆ, ಹಲ್ಲು ಕೊರೆದ ಉಕ್ಕಿನ ಪಟ್ಟಿಗಳನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಇಲ್ಲಿದ್ದದ್ದು ಸ್ವಿಸ್ ಎಂಜಿನಿಯರ್ ರೋಮನ್ ಆಬ್ಟ್ ಕಂಡುಹಿಡಿದ ಬಗೆ: ಪಕ್ಕಪಕ್ಕದಲ್ಲಿ ಎರಡು ಪಟ್ಟಿ, ಒಂದರ ಹಲ್ಲು ಇರುವಲ್ಲಿ ಇನ್ನೊಂದರ ಸಂದು. ಎಂಜಿನ್ನಿನ ಹೊಟ್ಟೆಯ ಕೆಳಗಿನ ಹಲ್ಲುಗಾಲಿಯ ಒಂದು ಹಲ್ಲು ಬಿಡುವಷ್ಟರಲ್ಲಿ ಪಕ್ಕದ್ದು ಕಚ್ಚಿರುತ್ತದೆ, ಹಾಗಾಗಿ ಹಿಡಿತ ಒಂದು ಗಳಿಗೆಯೂ ತಪ್ಪುವುದಿಲ್ಲ. ಪಟ್ಟಿ ಶುರುವಾಗುವ ಜಾಗದಲ್ಲಿ ಸ್ಪ್ರಿಂಗ್ ಮೇಲೆ ಕೂತ ಒಂದು ತುಂಡು ಇರುತ್ತದೆ. ಡ್ರೈವರ್ ನಡಿಗೆಯ ವೇಗಕ್ಕೆ ಇಳಿದು ಅದರ ಮೇಲೆ ಬರಬೇಕು, ಗಾಲಿಯ ಹಲ್ಲು ಸಂದಿಗೆ ಬಿದ್ದದ್ದು ಖಾತ್ರಿಯಾದ ಮೇಲೆ ಉಗಿ ಕೊಡಬೇಕು. ಹತ್ತುವಾಗಲೂ ಇಳಿಯುವಾಗಲೂ ಎಂಜಿನ್ ಬೋಗಿಗಳ ಕೆಳಬದಿಯಲ್ಲೇ ಇರಬೇಕೆಂಬುದು ಇಂಥ ಘಟ್ಟಗಳ ವಾಡಿಕೆ, ಕೊಂಡಿ ಕಳಚಿದರೂ ಬೋಗಿ ಉರುಳಿಹೋಗದಿರಲಿ ಎಂದು. ಇದಕ್ಕಿಂತ ಕಷ್ಟದ್ದು ಟ್ರ್ಯಾಕಿನದ್ದು. ಇಷ್ಟು ಇಳಿಜಾರಿನಲ್ಲಿ ರೈಲಿನ ಭಾರಕ್ಕೆ ಇಡೀ ಹಳಿಯೇ ಜಲ್ಲಿಯ ಮೇಲೆ ಕೂದಲೆಳೆಯಷ್ಟು ಕೂದಲೆಳೆಯಷ್ಟಾಗಿ ಕೆಳಕ್ಕೆ ಸರಿಯುತ್ತದೆ. ಹಲ್ಲಿನ ನಡುವಿನ ಅಂತರ ಜಾಯಿಂಟಿನಲ್ಲಿ ಚೂರು ಬದಲಾದರೂ ಹಲ್ಲುಗಾಲಿ ಹತ್ತಿ ಕೂರುತ್ತದೆ. ಹಾಗಾಗಿ ನೆಲಕ್ಕೆ ಕಾಂಕ್ರೀಟಿನ ಗೂಟ ಹಾಕಿ ಟ್ರ್ಯಾಕನ್ನು ಕಟ್ಟಿ ಹಿಡಿಯಬೇಕು, ಗ್ಯಾಂಗ್‌ಮನ್‌ಗಳು ದಿನವೂ ನಡೆದು ಬೋಲ್ಟ್ ನೋಡಬೇಕು.

ಇದನ್ನೆಲ್ಲ ಇಷ್ಟು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಇರುವ ಏಳು ಕಿ.ಮೀ.ಯನ್ನು ಹತ್ತಕ್ಕೋ ಹನ್ನೆರಡಕ್ಕೋ ಎಳೆಯೋಣ, ಖರ್ಚು ಕಡಿಮೆ, ಆಮೇಲೆ ಮುಂದಿನದ್ದು ನೋಡೋಣ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ದಲಾತ್‌ನಲ್ಲಿ ಅಂಥ ಅಗ್ಗದ ಮೊದಲ ಹೆಜ್ಜೆ ಇಲ್ಲ. ಟ್ರಾಯ್ ಮಾತ್ ದಾಟಬೇಕೆಂದರೆ ಹಲ್ಲಿನ ಹಳಿ, ಹಲ್ಲುಗಾಲಿಯ ಎಂಜಿನ್, ಅದನ್ನು ಓಡಿಸಿ ಗೊತ್ತಿರುವ ಡ್ರೈವರ್, ರಿಪೇರಿ ಮಾಡಿ ಗೊತ್ತಿರುವ ಫಿಟ್ಟರ್, ಎಲ್ಲವೂ ಮೊದಲ ದಿನವೇ ಬೇಕು.

ಊಟಿಯ ಜೊತೆ ನೀವು ಮಾಡಿದ ಹೋಲಿಕೆ ಸರಿಯಾದದ್ದೇ. ನೀಲಗಿರಿ ಮಾರ್ಗವೂ ಮೀಟರ್ ಗೇಜ್, ಅಲ್ಲೂ ಆಬ್ಟ್ ಹಲ್ಲಿನ ಹಳಿ, ಅಲ್ಲಿನ ಎಕ್ಸ್ ಕ್ಲಾಸ್ ಎಂಜಿನ್‌ಗಳು ಬಂದದ್ದೂ ವಿಂಟರ್‌ಥೂರ್‌ನ ಅದೇ ಕಾರ್ಖಾನೆಯಿಂದ. ಏರು ಅಲ್ಲಿ ಹನ್ನೆರಡು ಮೀಟರಿಗೆ ಸುಮಾರು ಒಂದು ಮೀಟರ್, ದಲಾತ್‌ನದ್ದು ಅದಕ್ಕಿಂತ ಕಡಿದು. ಉಳಿದಂತೆ ಎರಡೂ ಒಂದೇ ಮನೆತನದವು. 1908ರಲ್ಲಿ ಊಟಿ ಮುಟ್ಟಿದ ಆ ರೈಲು ಉಳಿದದ್ದು ಅದು ಒಂದೇ ಸಮನೆ ಓಡುತ್ತಲೇ ಇದ್ದುದರಿಂದ. ಭೂಕುಸಿತಕ್ಕೆ ಎಷ್ಟೋ ಸಲ ನಿಂತಿದೆ, ಆದರೆ ಕೈಬಿಟ್ಟದ್ದಿಲ್ಲ. ಓಡುತ್ತಿದ್ದುದರಿಂದ ಕೂನೂರು ಶೆಡ್ಡಿನಲ್ಲಿ ಕೆಲಸ ಬಲ್ಲ ಕೈಗಳು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಿದವು. ಆ ತಿಳಿವಳಿಕೆ ಜೀವಂತವಿದ್ದುದರಿಂದಲೇ ತಿರುಚಿನಾಪಳ್ಳಿಯ ಗೋಲ್ಡನ್ ರಾಕ್ ಕಾರ್ಖಾನೆ 2010ರ ನಂತರ ಹೊಚ್ಚ ಹೊಸ ಉಗಿ ಎಂಜಿನ್‌ಗಳನ್ನೇ ಮಾಡಿಕೊಟ್ಟಿತು. ಹಲ್ಲುಗಾಲಿಯ ಎಂಜಿನ್ನನ್ನು ಇವತ್ತೂ ಏಷ್ಯಾದಲ್ಲೇ ಮಾಡಬಹುದು ಎಂಬುದಕ್ಕೆ ಅದೇ ಸಾಕ್ಷಿ. ದಲಾತ್‌ನಲ್ಲಿ ಅರ್ಧ ಶತಮಾನಕ್ಕೂ ಹೆಚ್ಚು ಕಾಲದಿಂದ ಹಲ್ಲಿನ ಹಳಿಯ ಮೇಲೆ ಯಾರೂ ರೈಲು ಓಡಿಸಿಲ್ಲ. ವಿಯೆಟ್ನಾಂನವರು ಯೋಜನೆಗೆ ಕೈಹಾಕುವುದಾದರೆ ಮೊದಲು ಮಾಡಬೇಕಾದ ಕೆಲಸಗಳಲ್ಲಿ ತಮ್ಮ ಹುಡುಗರನ್ನು ಒಂದೆರಡು ವರ್ಷ ಕೂನೂರಿಗೋ ಫುರ್ಕಾಗೋ ಕಳಿಸುವುದೂ ಒಂದು.

ಇನ್ನು ನೆಲದ ಮಾತು. ನನಗೆ ಅತಿ ಹೆಚ್ಚು ಚಿಂತೆ ಇರುವುದು ಇಲ್ಲೇ.

ಬಿಟ್ಟ ರೈಲು ಮಾರ್ಗವನ್ನು ಬೆಟ್ಟದಲ್ಲಿ ಮೊದಲು ಕೊಲ್ಲುವುದು ನೀರು. ಮಾರ್ಗ ಓಡುತ್ತಿರುವಾಗ ಮಳೆಗಾಲಕ್ಕೆ ಮುಂಚೆ ಗ್ಯಾಂಗಿನವರು ಚರಂಡಿ ಎತ್ತುತ್ತಾರೆ, ಮೋರಿಯ ಬಾಯಿಗೆ ಬಿದ್ದ ಕಲ್ಲು, ಸೊಪ್ಪು, ಕೊಂಬೆ ತೆಗೆಯುತ್ತಾರೆ. ರೈಲು ನಿಂತರೆ ಆ ಕೆಲಸವೂ ನಿಲ್ಲುತ್ತದೆ. ಮೊದಲ ಮಳೆಗೆ ಮೋರಿಯ ಬಾಯಲ್ಲಿ ಒಂದು ಕೊಂಬೆ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಎಲೆ, ಎಲೆಗೆ ಮಣ್ಣು. ಎರಡನೆಯ ಮಳೆಗಾಲಕ್ಕೆ ಬಾಯಿ ಕಟ್ಟಿ ನೀರು ಜಾಡಿನ ಮೇಲುಗಡೆ ಕೆರೆಯಂತೆ ನಿಲ್ಲುತ್ತದೆ. ದಿಬ್ಬದ ಮಣ್ಣು ನೀರು ಕುಡಿದು ಮೆತ್ತಗಾಗುತ್ತದೆ. ಆಮೇಲೆ ಒಂದು ರಾತ್ರಿ ಇಡೀ ದಿಬ್ಬವೇ ಕಣಿವೆಗೆ ಜಾರುತ್ತದೆ. ಹಳಿ ಇದ್ದರೆ ಆ ಜಾಗದಲ್ಲಿ ಗಾಳಿಯಲ್ಲಿ ನೇತಾಡುತ್ತಿರುತ್ತದೆ. 2023ರ ಆಗಸ್ಟ್‌ನಲ್ಲಿ ಕಾಲ್ಕಾ–ಶಿಮ್ಲಾ ಮಾರ್ಗದ ಸಮ್ಮರ್ ಹಿಲ್ ಬಳಿ ಅಂಥದ್ದೇ ದೃಶ್ಯವನ್ನು ಎಲ್ಲರೂ ಫೋಟೋಗಳಲ್ಲಿ ನೋಡಿದರು, ಅದು ಓಡುತ್ತಿದ್ದ ಮಾರ್ಗವೇ ಆಗಿತ್ತು. ದಲಾತ್ ಘಟ್ಟದ ಜಾಡು ಇಷ್ಟು ದಶಕ ಹೇಳುವವರು ಕೇಳುವವರಿಲ್ಲದೆ ನೀರು ಕುಡಿದಿದೆ. ಎಲ್ಲಿ ದಿಬ್ಬ ನಿಂತಿದೆ, ಎಲ್ಲಿ ಹೋಗಿದೆ ಎಂಬುದನ್ನು ಅಡಿ ಅಡಿಯಾಗಿ ಅಳೆಯದೆ ಯಾರು ಯಾವ ಖರ್ಚಿನ ಅಂದಾಜು ಹೇಳಿದರೂ ನಾನು ನಂಬುವುದಿಲ್ಲ.

ಎರಡನೆಯದಾಗಿ ಕೊಲ್ಲುವುದು ಒತ್ತುವರಿ. ಘಟ್ಟದ ಭಾಗ ಕಾಡಿನಲ್ಲಿರುವುದರಿಂದ ಅಲ್ಲಿ ಇದರ ಭಯ ಕಡಿಮೆ. ಮೇಲಿನ ಪ್ರಸ್ಥಭೂಮಿಯಲ್ಲಿ ಮತ್ತು ಕೆಳಗಿನ ಬಯಲಿನಲ್ಲಿ ಹೆಚ್ಚು. ದಲಾತ್ ಇಡೀ ದೇಶಕ್ಕೆ ತರಕಾರಿ, ಹೂವು ಕಳಿಸುವ ಊರು. ನೀವು ರೈಲಿನ ಕಿಟಕಿಯಿಂದ ನೋಡಿರುತ್ತೀರಿ, ಕಣಿವೆ ಕಣಿವೆಗಳೇ ಪ್ಲಾಸ್ಟಿಕ್ ಹಸಿರುಮನೆಗಳಿಂದ ಮುಚ್ಚಿಹೋಗಿವೆ. ಸಮತಟ್ಟಾದ, ರಸ್ತೆಗೆ ಹತ್ತಿರದ ಹಳೆಯ ರೈಲು ಜಾಡಿನಂಥ ಜಾಗ ಬೆಟ್ಟದಲ್ಲಿ ಬೇಸಾಯಗಾರನಿಗೆ ಸಿಕ್ಕರೆ ಬಿಡುತ್ತಾನೆಯೇ? ಅವನನ್ನು ದೂರಿ ಪ್ರಯೋಜನವಿಲ್ಲ. ಬಳಕೆಯಿಲ್ಲದೆ ಬಿದ್ದ ನೆಲದಲ್ಲಿ ಎರಡು ತಲೆಮಾರು ಬೆಳೆ ತೆಗೆದವರನ್ನು ಎಬ್ಬಿಸಬೇಕಾದರೆ ನ್ಯಾಯವಾದ ಪರಿಹಾರ ಕೊಡಬೇಕು, ಬೇರೆ ಜಾಗ ತೋರಿಸಬೇಕು. ಕೆಲವು ಕಡೆ ಜಾಡನ್ನೇ ಪಕ್ಕಕ್ಕೆ ಸರಿಸಬೇಕಾದೀತು. ಆದರೆ ಹಲ್ಲಿನ ಹಳಿಯ ಮಾರ್ಗದಲ್ಲಿ ಒಂದು ತಿರುವನ್ನು ಸರಿಸಿದರೆ ಅದರ ಮೇಲಿನ ಮತ್ತು ಕೆಳಗಿನ ಏರಿನ ಲೆಕ್ಕವೆಲ್ಲ ಬದಲಾಗುತ್ತದೆ. ಹಾಗಾಗಿ ಇವತ್ತು ಮಾಡಬಹುದಾದ, ಹೆಚ್ಚು ಖರ್ಚಿಲ್ಲದ, ಅತಿ ಬೆಲೆಬಾಳುವ ಕೆಲಸವೆಂದರೆ ಹಳೆಯ ಜಾಡಿನ ಉದ್ದಕ್ಕೂ ಗಡಿಕಲ್ಲು ನೆಟ್ಟು, ಹೊಸ ಕಟ್ಟಡಕ್ಕೆ ಪರವಾನಗಿ ನಿಲ್ಲಿಸುವುದು. ರೈಲು ಬಾರದಿದ್ದರೂ ಇದರಿಂದ ನಷ್ಟವಿಲ್ಲ.

ನೆಲ ಉಳಿದರೆ ಕಾಲ ಎಷ್ಟೇ ಕಳೆದರೂ ರೈಲು ಬರಬಹುದು ಎಂಬುದಕ್ಕೆ ಪಿರನೀಸ್ ಪರ್ವತದ ಕಾನ್‌ಫ್ರಾಂಕ್ ಮಾರ್ಗ ನೋಡಿ. ಫ್ರಾನ್ಸ್–ಸ್ಪೇನ್ ನಡುವೆ 1928ರಲ್ಲಿ ತೆರೆದ ಆ ಮಾರ್ಗದ ಫ್ರಾನ್ಸ್ ಬದಿಯಲ್ಲಿ 1970ರ ಮಾರ್ಚ್ 27ರಂದು ಗೂಡ್ಸ್ ರೈಲೊಂದು ಹಿಡಿತ ತಪ್ಪಿ ಹಿಂದಕ್ಕೆ ಜಾರಿ ಲೆಸ್ತಾಂಗೆ ಸೇತುವೆಯನ್ನು ಬೀಳಿಸಿತು. ಒಂದೇ ಒಂದು ಸೇತುವೆ. ಅದನ್ನು ಮತ್ತೆ ಕಟ್ಟಲಿಲ್ಲ, ಗಡಿ ದಾಟುವ ಸಂಚಾರ ಅಲ್ಲಿಗೇ ಮುಗಿಯಿತು. ಆದರೆ ಜಾಡು ಚೂರುಚೂರಾಗಿ ಹಂಚಿಹೋಗಲಿಲ್ಲ. 2016ರಲ್ಲಿ ಓಲೋರೋನ್‌ನಿಂದ ಬೆದೂವರೆಗಿನ ಭಾಗದಲ್ಲಿ ಮತ್ತೆ ರೈಲು ಓಡಿತು, ಮುಂದಿನ ಭಾಗಕ್ಕೂ ಆಸೆ ಬಿಟ್ಟಿಲ್ಲ. ಅದರ ಸುಮಾರು 7.9 ಕಿ.ಮೀ. ಸುರಂಗ ಈಗ ಪಕ್ಕದ ರಸ್ತೆ ಸುರಂಗಕ್ಕೆ ತುರ್ತು ದಾರಿಯಾಗಿದೆ. ತಲೆಯ ಮೇಲೆ ಎಂಟುನೂರು ಮೀಟರ್ ಬಂಡೆ ಇರುವ ಜಾಗದಲ್ಲಿ ಭೌತವಿಜ್ಞಾನಿಗಳು ಪ್ರಯೋಗಾಲಯ ಮಾಡಿಕೊಂಡಿದ್ದಾರೆ. ಬಿಟ್ಟ ಮಾರ್ಗವನ್ನು ಬೇರೆ ಕೆಲಸಕ್ಕೆ ಬಳಸುವುದರಲ್ಲಿ ತಪ್ಪೇನೂ ಇಲ್ಲ, ಬಳಕೆಯಲ್ಲಿರುವ ಸುರಂಗವನ್ನು ಯಾರಾದರೂ ನೋಡಿಕೊಳ್ಳುತ್ತಾರೆ.

ಖರ್ಚಿನ ಅಂದಾಜು ಬೇಕೆಂದರೆ ಅಮೆರಿಕದ ಪೈಕ್ಸ್ ಪೀಕ್ ರೈಲು ಹತ್ತಿರದ ಉದಾಹರಣೆ. ಸುಮಾರು 14 ಕಿ.ಮೀ. ಉದ್ದದ ಆ ಹಲ್ಲಿನ ಹಳಿಯ ಮಾರ್ಗ ಸವೆದುಹೋಗಿ 2017ರ ಕೊನೆಗೆ ನಿಂತಿತು. ಒಡೆತನದ ಹೋಟೆಲ್ ಸಂಸ್ಥೆ ಸುಮಾರು ಹತ್ತು ಕೋಟಿ ಡಾಲರ್ ಸುರಿದು ಹಳಿ, ಹಲ್ಲುಪಟ್ಟಿ, ರೈಲು ಎಲ್ಲ ಹೊಸದು ಮಾಡಿ 2021ರ ಮೇ ತಿಂಗಳಲ್ಲಿ ತೆರೆಯಿತು. ಅಲ್ಲಿ ನೆಲದ ತಕರಾರಿಲ್ಲ, ಜಾಡು ಗಟ್ಟಿಯಿತ್ತು, ಟಿಕೆಟ್ ಕೊಳ್ಳುವ ಜನ ಮೊದಲಿನಿಂದಲೂ ಇದ್ದರು. ಆದರೂ ಅಷ್ಟು ಖರ್ಚು. ದಲಾತ್‌ನದ್ದು 84 ಕಿ.ಮೀ., ಐದು ಸುರಂಗ, ಮತ್ತೆ ಕಟ್ಟಬೇಕಾದ ಸೇತುವೆಗಳು. ಇದನ್ನು ಪ್ರವಾಸಿಗರ ಟಿಕೆಟ್ಟಿನಿಂದಲೇ ತೀರಿಸುತ್ತೇವೆ ಎಂದು ಯಾವ ಖಾಸಗಿ ಕಂಪನಿ ಹೇಳಿದರೂ ಲೆಕ್ಕವನ್ನು ಎರಡು ಸಲ ನೋಡಬೇಕು. ಪ್ರವಾಸಿಗರಿಗೆ ಬೆಟ್ಟ ತೋರಿಸುವುದಷ್ಟೇ ಗುರಿಯಾದರೆ ಹೂಡಿಕೆದಾರರಿಗೆ ಕೇಬಲ್ ಕಾರೇ ಸುಲಭ. ಅದೇ ದೇಶದ ಫಾನ್ಸಿಪಾನ್ ಶಿಖರಕ್ಕೆ 2016ರಲ್ಲಿ ಆರು ಕಿ.ಮೀ.ಗೂ ಉದ್ದದ ಕೇಬಲ್ ಕಾರ್ ಬಂತು. ಅದಕ್ಕೆ ಕಂಬ ನಿಲ್ಲಿಸಲು ಅಲ್ಲಲ್ಲಿ ಜಾಗ ಸಿಕ್ಕರೆ ಸಾಕು, ಮೋರಿ ಬಳಿಯುವ ಗ್ಯಾಂಗ್ ಬೇಡ.

ಹಾಗಾದರೆ ರೈಲೇ ಯಾಕೆ? ಇಲ್ಲಿಯೇ ನನ್ನ ಎರಡನೆಯ ಸಂಗತಿ ಬರುತ್ತದೆ, ಬೆಟ್ಟದ ಬುಡದ ಜನ.

2024ರ ನವೆಂಬರ್ 30ರಂದು ವಿಯೆಟ್ನಾಂ ಸಂಸತ್ತು ಹನೋಯ್–ಹೋ ಚಿ ಮಿನ್ ನಗರದ ನಡುವೆ 1,541 ಕಿ.ಮೀ. ಅತಿವೇಗದ ರೈಲು ಮಾರ್ಗಕ್ಕೆ ಒಪ್ಪಿಗೆ ಕೊಟ್ಟಿತು. ಗಂಟೆಗೆ 350 ಕಿ.ಮೀ. ವೇಗ, 2035ರ ಹೊತ್ತಿಗೆ ಮುಗಿಸುವ ಗುರಿ. ಅದರ 23 ಪ್ರಯಾಣಿಕ ನಿಲ್ದಾಣಗಳಲ್ಲಿ ಥಾಪ್ ಚಾಮ್ ಕೂಡ ಒಂದು. ದಲಾತ್‌ಗೆ ಇದು ಸಣ್ಣ ಸುದ್ದಿಯಲ್ಲ. ಇವತ್ತು ದಲಾತ್‌ಗೆ ಹೋಗುವವರು ವಿಮಾನದಲ್ಲಿ ಲಿಯೆನ್ ಖುವೊಂಗ್‌ಗೆ ಬಂದಿಳಿಯುತ್ತಾರೆ, ಇಲ್ಲವೇ ನ್ಯಾ ಚಾಂಗ್‌ನಿಂದಲೋ ಹೋ ಚಿ ಮಿನ್ ನಗರದಿಂದಲೋ ಬಸ್ಸಿನಲ್ಲಿ ಘಟ್ಟ ಹತ್ತುತ್ತಾರೆ. ಥಾಪ್ ಚಾಮ್‌ನಲ್ಲಿ ಇಳಿದು ರೈಲು ಬದಲಿಸಿ ಬೆಟ್ಟಕ್ಕೆ ಹೋಗಲು ಯಾರಿಗೂ ಕಾರಣವಿಲ್ಲ. ಅತಿವೇಗದ ರೈಲು ಅಲ್ಲಿ ನಿಂತರೆ ಆ ಕಾರಣ ಹುಟ್ಟುತ್ತದೆ. ದೊಡ್ಡ ನಗರದಿಂದ ಬೆಳಿಗ್ಗೆ ಹೊರಟವರು ಬೇಗನೆ ಘಟ್ಟದ ಬುಡಕ್ಕೆ ಬಂದಿಳಿದರೆ, ಮೇಲಕ್ಕೆ ನಿಧಾನಕ್ಕೆ ಹತ್ತುವ ರೈಲಿನಲ್ಲಿ ಕಳೆಯುವ ಹೊತ್ತು ಅವರಿಗೆ ಕಾಟವಾಗುವುದಿಲ್ಲ, ಪ್ರವಾಸದ ಭಾಗವೇ ಆಗುತ್ತದೆ.

ಜಪಾನಿನಲ್ಲಿ ಇದರ ತದ್ವಿರುದ್ಧ ನಡೆಯಿತು. ಉಸುಯಿ ಘಟ್ಟದಲ್ಲಿ 1893ರಿಂದ ರೈಲು ಹತ್ತುತ್ತಿತ್ತು, 1963ರವರೆಗೆ ಅಲ್ಲೂ ಆಬ್ಟ್ ಹಲ್ಲಿನ ಹಳಿಯೇ. ನಾಗಾನೊಗೆ ಹೋಗುವ ಶಿನ್‌ಕಾನ್‌ಸೆನ್ 1997ರ ಅಕ್ಟೋಬರ್ 1ರಂದು ಶುರುವಾಯಿತು, ಘಟ್ಟದ ಹಳೆಯ ಮಾರ್ಗ ಅದರ ಹಿಂದಿನ ದಿನ ಮುಚ್ಚಿತು. ಅಲ್ಲಿ ಅತಿವೇಗದ ರೈಲು ಬೆಟ್ಟದೊಳಗೆ ಸುರಂಗ ಕೊರೆದು ಮೇಲಿನ ಊರಿಗೇ ಹೋಯಿತು, ಹಳೆಯದಕ್ಕೆ ಕೆಲಸವೇ ಉಳಿಯಲಿಲ್ಲ. ಈಗ ಆ ಜಾಡಿನ ಒಂದು ಭಾಗ ನಡಿಗೆ ದಾರಿ. ಇಟ್ಟಿಗೆ ಕಮಾನಿನ ಹಳೆಯ ಸೇತುವೆಯ ಮೇಲೆ ಜನ ಅಡ್ಡಾಡುತ್ತಾರೆ, ಸುರಂಗಗಳಲ್ಲಿ ದೀಪ ಹಾಕಿದ್ದಾರೆ. ವಿಯೆಟ್ನಾಂನಲ್ಲಿ ಅತಿವೇಗದ ರೈಲು ಕರಾವಳಿಯ ಬಯಲಿನಲ್ಲೇ ಸಾಗುತ್ತದೆ, ದಲಾತ್‌ಗೆ ಹತ್ತುವುದಿಲ್ಲ. ಜಪಾನಿನಲ್ಲಿ ಬೆಟ್ಟದ ರೈಲನ್ನು ಮುಗಿಸಿದ ತಂತ್ರಜ್ಞಾನವೇ ಇಲ್ಲಿ ಅದಕ್ಕೆ ಮರುಹುಟ್ಟು ಕೊಡಬಹುದು.

ಜನ ಎಲ್ಲಿಂದ ಬರುತ್ತಾರೆ ಎಂಬುದು ಎಷ್ಟು ಮುಖ್ಯ ಎನ್ನುವುದಕ್ಕೆ ಇನ್ನೊಂದೇ ಉದಾಹರಣೆ ಸಾಕು. ಅಲಾಸ್ಕಾ–ಕೆನಡಾ ಗಡಿಯ ವೈಟ್ ಪಾಸ್ ರೈಲು ಗಣಿಗಳನ್ನು ನಂಬಿಕೊಂಡಿತ್ತು, ಗಣಿ ಮುಚ್ಚಿದಾಗ 1982ರಲ್ಲಿ ಅದೂ ನಿಂತಿತು. 1988ರಲ್ಲಿ ಮತ್ತೆ ಓಡಿದ್ದು ಸ್ಕ್ಯಾಗ್ವೇ ಬಂದರಿಗೆ ಬರುವ ಪ್ರವಾಸಿ ಹಡಗುಗಳಿಂದ. ಹಡಗಿನಿಂದ ಇಳಿದವರು ನೇರ ರೈಲು ಹತ್ತುತ್ತಾರೆ. ಪೂರ್ತಿ 110 ಮೈಲಿ ಇಂದಿಗೂ ಓಡುವುದಿಲ್ಲ, ಜನ ನೋಡಬಯಸುವ ಘಟ್ಟದ ಭಾಗವಷ್ಟೇ ಓಡುತ್ತದೆ. ಆ ವಿವೇಕ ನನಗೆ ಇಷ್ಟ.

ಹಾಗಾಗಿ ನಿಮ್ಮ ಗೈಡ್ ಮತ್ತು ಹೋಟೆಲಿನವರ ನಡುವೆ ನನ್ನ ತೀರ್ಪು ಹೀಗೆ: ಅತಿವೇಗದ ರೈಲು ಥಾಪ್ ಚಾಮ್‌ಗೆ ಬರುವ ಮೊದಲು 84 ಕಿ.ಮೀ. ಪೂರ್ತಿ ಓಡುವುದನ್ನು ನಾನು ನಿರೀಕ್ಷಿಸುವುದಿಲ್ಲ, ಆತುರಪಟ್ಟು ಓಡಿಸುವುದೂ ಬೇಡ ಎನ್ನುತ್ತೇನೆ. ಅಲ್ಲಿಯವರೆಗಿನ ಕಾಲವನ್ನು ಸುಮ್ಮನೆ ಕಳೆದರೆ ಮಾತ್ರ ಅವಕಾಶ ಕೈತಪ್ಪುತ್ತದೆ. ನೆಲವನ್ನು ಈಗಲೇ ಕಾಯ್ದಿಡಬೇಕು. 2025ರ ಜುಲೈನಲ್ಲಿ ಪ್ರಾಂತ್ಯಗಳು ಒಂದಾದ ಮೇಲೆ ಮಾರ್ಗದ ಕೆಳಭಾಗ ಖಾನ್ ಹೊವಾ ಪ್ರಾಂತ್ಯದಲ್ಲಿದೆ, ಮೇಲ್ಭಾಗ ಲಾಮ್ ದೊಂಗ್‌ನಲ್ಲಿ. ಎರಡೂ ಆಡಳಿತಗಳು ಒಂದೇ ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಘಟ್ಟದ ಮೋರಿಗಳನ್ನು ಬಳಿಸಿ, ಸುರಂಗಗಳನ್ನು ಪರೀಕ್ಷಿಸಬೇಕು. ಕಟ್ಟುವುದನ್ನು ಮೇಲಿನಿಂದ ಶುರುಮಾಡಬೇಕು ಎಂಬುದು ನನ್ನ ಸಲಹೆ: ಟ್ರಾಯ್ ಮಾತ್–ದ ಥೊ ನಡುವಿನ ಹಲ್ಲಿನ ಹಳಿ ಮೊದಲು, ಅಲ್ಲಿಂದ ಚಹಾ ಮತ್ತು ಕಾಫಿಯ ಕೌ ದತ್‌ವರೆಗೆ. ಪ್ರವಾಸಿಗರು ಆಗಲೇ ದಲಾತ್‌ನಲ್ಲಿದ್ದಾರೆ, ನಿಲ್ದಾಣವೂ ಅಲ್ಲಿದೆ. ಚಿಕ್ಕ ಇಳಿಜಾರಿನಲ್ಲಿ ಸಿಬ್ಬಂದಿಯ ಕೈ ಪಳಗಿದ ಮೇಲೆ ಸೊಂಗ್ ಫಾದ ದೊಡ್ಡ ಘಟ್ಟಕ್ಕೆ ಇಳಿಯಬಹುದು. ಉಗಿ ಎಂಜಿನ್ ಹಬ್ಬದ ದಿನಕ್ಕೆ ಒಂದಿರಲಿ, ದಿನನಿತ್ಯಕ್ಕೆ ವಿದ್ಯುತ್ ರೈಲೇ ಬೇಕು. ಇಳಿಯುವ ರೈಲಿನ ಬ್ರೇಕು ಹುಟ್ಟಿಸುವ ವಿದ್ಯುತ್ತು ಹತ್ತುವ ರೈಲಿಗೆ ಒದಗುವುದು ಘಟ್ಟದ ಮಾರ್ಗದಲ್ಲಿ ದೊಡ್ಡ ಉಳಿತಾಯ.

ನಡೆದು ನೋಡುವ ಬಗ್ಗೆ ಕೇಳಿದ್ದೀರಿ. ಎಯೊ ಜೊದಿಂದ ಸೊಂಗ್ ಫಾ ಕಡೆಗೆ ಹಳೆಯ ಜಾಡು ಹಿಡಿದು ಚಾರಣ ಮಾಡುವವರಿದ್ದಾರೆ. ದಾರಿ ಗೊತ್ತಿರುವ ಸ್ಥಳೀಯರ ಜೊತೆ, ಒಣ ತಿಂಗಳುಗಳಲ್ಲಿ ಮಾತ್ರ ಹೋಗಿ. ಡಿಸೆಂಬರ್‌ನಿಂದ ಮಾರ್ಚ್ ಒಳ್ಳೆಯದು. ಸುರಂಗದೊಳಗೆ ಹೋಗುವ ಮುಂಚೆ ಬಾಯಲ್ಲಿ ನಿಂತು ಮೇಲಿನ ಕಮಾನು ನೋಡಿ. ನೀರು ತೊಟ್ಟಿಕ್ಕುತ್ತಿದ್ದು ನೆಲದ ಮೇಲೆ ಹೊಸದಾಗಿ ಬಿದ್ದ ಕಲ್ಲುಗಳಿದ್ದರೆ ವಾಪಸು ಬನ್ನಿ. ಹಳೆಯ ಸೇತುವೆಗಳ ಕಬ್ಬಿಣದ ಮೇಲೆ ಕಾಲಿಡಬೇಡಿ, ಎಷ್ಟು ಗಟ್ಟಿಯಾಗಿ ಕಂಡರೂ ಸರಿ. ನಡೆಯಲು ಆಗದವರು ಹೆದ್ದಾರಿಯಲ್ಲಿ ಘಟ್ಟ ಇಳಿಯುವಾಗ ಎಡಬಲ ನೋಡುತ್ತಿರಿ. ದ ನಿಮ್ ಜಲವಿದ್ಯುತ್ ಕೇಂದ್ರಕ್ಕೆ ನೀರು ಇಳಿಸುವ ದೊಡ್ಡ ಕೊಳವೆಗಳು ಬೆಟ್ಟದ ಮೈಮೇಲೆ ನೇರ ಇಳಿದಿರುವುದು ಕಾಣುತ್ತದೆ, ರೈಲು ಹತ್ತುತ್ತಿದ್ದದ್ದು ಆ ಬೆಟ್ಟಸಾಲನ್ನೇ. ಕೆಳಗೆ ಸೊಂಗ್ ಫಾದಲ್ಲಿ ಹಳೆಯ ನಿಲ್ದಾಣದ ಜಾಗ ಇದೆ. ಅಲ್ಲಿಂದ ಥಾಪ್ ಚಾಮ್‌ಗೆ ರಸ್ತೆ ಚೆನ್ನಾಗಿದೆ, ಥಾಪ್ ಚಾಮ್ ನಿಲ್ದಾಣಕ್ಕೆ ಹತ್ತಿರದ ಗುಡ್ಡದ ಮೇಲೆ ಪೊ ಕ್ಲೊಂಗ್ ಗರಾಯ್ ಎಂಬ ಹಳೆಯ ಚಂಪಾ ರಾಜ್ಯದ ಕಾಲದ ಶಿವದೇಗುಲದ ಇಟ್ಟಿಗೆ ಗೋಪುರಗಳಿವೆ, ಅರ್ಧ ದಿನ ಅದಕ್ಕಾಗಿ ಎತ್ತಿಡಿ.